ಕೆಳಗಿನ ಬಿಸಿಲು

ಟೋಪಿ ಮೊಳೆಯ ಮೇಲೆ ಹಾಗೇ ತೂಗುತ್ತಿತ್ತು. ಕ್ರೀಮಿನ ಟ್ಯೂಬು ಕೂಡ ಬೆಳಿಗ್ಗೆ ತಾನು ಇಟ್ಟಿದ್ದ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು. ಪ್ರಮಿಳಾ ಚಪ್ಪಲಿ ಬಿಡದೆ ಒಳಗೆ ಹೋಗಿ ಎರಡೂ ಕೋಣೆ ನೋಡಿದಳು, ಬಚ್ಚಲು ನೋಡಿದಳು. ದಪ್ಪ ಪರದೆ ಎಳೆದ ಕತ್ತಲಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು.

"ಸಮೃದ್ಧಿ..."

ಉತ್ತರ ಕೆಳಗಿನ ಮನೆಯಿಂದ ಬಂತು. ಬೇಸಿಗೆ ರಜೆಯಲ್ಲಿ ಮಗಳನ್ನು ನೋಡಿಕೊಳ್ಳುತ್ತಿದ್ದ ಸಿತಾರಾ ಮೆಟ್ಟಿಲ ಬುಡದಲ್ಲಿ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು.

"ನಿಮ್ಮ ಮಾವಾರು ಬಂದಿದ್ರು ರೀ, ಅಕಿ ಮುತ್ಯಾ. ನೀವು ಡ್ಯೂಟಿಗೆ ಹೋಗಿ ಒಂಚೂರು ಹೊತ್ತಿಗೆ. ಕುರಿ ಮೈ ತೊಳಿಯೂದು ತೋರಸ್ತೀನಿ ಅಂತ ಕರ್ಕೊಂಡು ಹೋದ್ರು. ನಿಮ್ಮ ಮನಿಯವ್ರಿಗೆ ಫೋನ್ ಹಚ್ಚಿ ಕೇಳೇ ಹೋಗ್ಯಾರ ಮತ್ತ."

"ಎಲ್ಲಿಗೆ?"

"ಖಾನಾಪುರಕ್ಕ. ಹೊಳಿಗೆ." ಪ್ರಮಿಳಾಳ ಮುಖ ನೋಡಿ ಸಿತಾರಾಳ ದನಿ ಸಣ್ಣದಾಯಿತು. "ಟೋಪಿ ಒಯ್ದಿಲ್ಲೇನು?"

ಪ್ರಮಿಳಾ ಮತ್ತೆ ಒಳಗೆ ಹೋಗಿ ಟೋಪಿ, ಟ್ಯೂಬು, ಉದ್ದ ತೋಳಿನ ಒಂದು ಹತ್ತಿಯ ಅಂಗಿ ಚೀಲಕ್ಕೆ ತುಂಬಿದಳು. ಬೆಳಗಾವಿಯ ಶಿವಬಸವ ನಗರದ ಆ ಓಣಿಯಲ್ಲಿ ಮಧ್ಯಾಹ್ನದ ಡಾಂಬರು ಮೆತ್ತಗಾಗಿತ್ತು. ಮೇ ತಿಂಗಳು. ನಾಯಿಗಳೆಲ್ಲ ಕಾರುಗಳ ಕೆಳಗೆ ಸೇರಿದ್ದವು.

ಸಮೃದ್ಧಿ ಹುಟ್ಟಿದಾಗಲೇ ಬೆಳ್ಳಗಿದ್ದಳು. ಮೆಕ್ಕೆಜೋಳದ ಎಳೆ ನಾರಿನಂಥ ಕೂದಲು, ಬಿಳಿ ರೆಪ್ಪೆ, ಬೆಳಕು ಕಂಡರೆ ಒಂದೆಡೆ ನಿಲ್ಲದೆ ಅತ್ತಿತ್ತ ಆಡುವ ಕಣ್ಣು. ಆಸ್ಪತ್ರೆಯ ನರ್ಸುಗಳು ಒಬ್ಬರಾದ ಮೇಲೊಬ್ಬರು ಬಂದು ನೋಡಿ ಹೋಗಿದ್ದರು. ಮೈಯಲ್ಲಿ ಬಣ್ಣ ತಯಾರಾಗುವುದೇ ಇಲ್ಲ, ಉಳಿದವರಿಗೆ ಚರ್ಮದೊಳಗೇ ಇರುವ ಕೊಡೆ ಈ ಮಗುವಿಗಿಲ್ಲ, ಅದನ್ನು ನೀವೇ ಹೊರಗಿನಿಂದ ಹಿಡಿಯಬೇಕು ಎಂದು ಚರ್ಮದ ಡಾಕ್ಟರು ಹೇಳಿದ್ದರು. ಸುಟ್ಟ ಚರ್ಮ ವಾಸಿಯಾದಂತೆ ಕಂಡರೂ ಒಳಗೆ ಪೆಟ್ಟು ಉಳಿಯುತ್ತದೆ, ಚಿಕ್ಕಂದಿನಲ್ಲಿ ತಿಂದ ಒಂದೊಂದು ಪೆಟ್ಟೂ ದೊಡ್ಡವಳಾದ ಮೇಲೆ ಲೆಕ್ಕಕ್ಕೆ ಬರುತ್ತದೆ ಎಂದೂ ಹೇಳಿದ್ದರು. ಪ್ರಮಿಳಾ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಜೀವಕೋಶ ಕೆಡುವುದೆಂದರೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಬೇರೆಯವರ ಕೆಟ್ಟ ಕೋಶಗಳನ್ನು ನೋಡಿ ಬಂದ ದಿನ ರಾತ್ರಿ ಮಗಳ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ದೀಪ ಹಿಡಿದು ಹುಡುಕುತ್ತಿದ್ದಳು.

ಬಸ್ಸು ಹತ್ತಿದ ಮೇಲೆ ಮಾವನಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಬಸ್ ಕಂಡಕ್ಟರನಾಗಿದ್ದ ಗಂಡ ಬೀರೇಶ ಹುಬ್ಬಳ್ಳಿ ದಾರಿಯಲ್ಲಿ ಡ್ಯೂಟಿಯ ಮೇಲಿದ್ದ.

"ನೀವ್ಯಾಕ ಹೂಂ ಅಂದ್ರಿ?"

"ಅಕೀನ ಫೋನ್ ಕಸಗೊಂಡು ಪಪ್ಪಾ ಹೋಗ್ಲೇನು ಅಂದ್ಲು. ಅಪ್ಪ ಕಂಬಳಿ ಕೊಪ್ಪಿ ಹಾಕ್ತೀನಿ ಅಂದಾನ. ರಜಾ ಬಿಟ್ಟಾಗಿಂದ ಕೂಸು ಬಾಗಲಾ ದಾಟಿಲ್ಲ ಪ್ರಮಿ."

"ಟೋಪಿ ಇಲ್ಲೇ ಐತಿ. ಟ್ಯೂಬ್ ಇಲ್ಲೇ ಐತಿ."

ಅತ್ತ ಕಡೆ ಸೀಟಿ ಊದಿದ ಸದ್ದು, ಯಾರೋ ಚಿಲ್ಲರೆಗೆ ಜಗಳ ತೆಗೆದ ಸದ್ದು. "ಹೋಗಿ ನೋಡಿ ಫೋನ್ ಮಾಡು," ಎಂದ ಬೀರೇಶ. ಅವನ ದನಿಯಲ್ಲೂ ಅಳುಕು ಸೇರಿತ್ತು.

ಬಿಸಿಲು ಬೀಳುವ ಬದಿಯ ಸೀಟುಗಳನ್ನು ಬಿಟ್ಟು ಜನ ಇನ್ನೊಂದು ಬದಿಯಲ್ಲಿ ಒತ್ತಿಕೊಂಡು ಕೂತಿದ್ದರು. ಪ್ರಮಿಳಾ ಬಿಸಿಲಲ್ಲೇ ಕೂತಳು. ಕಿಟಕಿಯ ಸರಳು ದಾಟಿ ಬಂದ ಬೆಳಕು ಮೊಣಕೈ ಮೇಲೆ ಬಿದ್ದಿತ್ತು. ತನಗೇ ಇಷ್ಟು ಉರಿಯುತ್ತಿದ್ದರೆ ಅವಳಿಗೆ ಎಷ್ಟು ಎಂದು ತೋಳನ್ನು ಅಲ್ಲೇ ಇಟ್ಟು ನೋಡುತ್ತಿದ್ದಳು. ಸಮೃದ್ಧಿಗೆ ಎರಡು ವರ್ಷ ತುಂಬಿದ್ದಾಗ ಒಂದು ಸಲ ಕೋಟೆಯ ಕಡೆ ತಿರುಗಾಡಲು ಕರೆದೊಯ್ದಿದ್ದರು. ಮೋಡವಿತ್ತು, ಮೋಡ ಇದೆಯಲ್ಲ ಎಂದು ತೋಳಿಲ್ಲದ ಫ್ರಾಕು ಹಾಕಿದ್ದರು. ಬಸದಿ ನೋಡಿ ಹೊರಬರುವಾಗ ಭುಜ ಸ್ವಲ್ಪ ಕೆಂಪಗಿತ್ತು, ಅಷ್ಟೇ. ದೀಪ ಹಚ್ಚುವ ಹೊತ್ತಿಗೆ ನೀರು ತುಂಬಿದ ಗುಳ್ಳೆ. ಮಗು ಎತ್ತಿಕೊಂಡರೂ ಅಳುತ್ತಿತ್ತು, ಇಳಿಸಿದರೂ ಅಳುತ್ತಿತ್ತು. ಬಿಸಿಲಿನ ಸುಡುವಿಕೆ ಬಿಸಿಲು ಹೋದ ಮೇಲೆಯೇ ಏಳುತ್ತದೆ ಎಂದು ಅವತ್ತು ತಿಳಿದಿತ್ತು.

ಮಾವ ಕರೆಪ್ಪನ ಕುರಿಹಿಂಡು ಪ್ರತಿ ಬೇಸಿಗೆ ಮೂಡಲ ಸೀಮೆಯಿಂದ ಖಾನಾಪುರದ ಕಡೆ ಬರುತ್ತಿತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಹಿಂಡು ಮಲಗಿಸುತ್ತಿದ್ದರು. ಜಾಂಬೋಟಿ ಕಡೆ ಮಳೆ ಹಿಡಿಯುವ ಮೊದಲು ಕುರಿಗಳ ಮೈ ತೊಳೆದು, ಉಣ್ಣೆ ಕತ್ತರಿಸಿಕೊಂಡು ತಿರುಗಿ ಹೊರಟುಬಿಡುತ್ತಿದ್ದರು.

ಆಟೋ ಅವಳನ್ನು ಹೊಳೆಯ ದಂಡೆಯಲ್ಲಿ ಇಳಿಸಿತು. ಮಲಪ್ರಭೆ ಬೇಸಿಗೆಗೆ ತೆಳ್ಳಗಾಗಿ ಬಂಡೆಗಳ ನಡುವೆ ಒಂದು ಮಡುವಾಗಿ ನಿಂತಿತ್ತು. ಸುತ್ತ ಬಿಳಿ ಮರಳು. ಕುರಿಗಳ ಅರಚಾಟ ದೂರದಿಂದಲೇ ಕೇಳುತ್ತಿತ್ತು. ಕರೆಪ್ಪ ಮೊಣಕಾಲ ಮಟ್ಟ ನೀರಿನಲ್ಲಿ ನಿಂತು ಒಂದು ಟಗರನ್ನು ಕಾಲ ಸಂದಿಯಲ್ಲಿ ಅದುಮಿ ಉಜ್ಜುತ್ತಿದ್ದ. ಅವನ ಪಕ್ಕ, ನೀರು ಪಾದ ಮುಳುಗಿಸುವಲ್ಲಿ, ಕರಿ ಕಂಬಳಿಯ ಪುಟ್ಟ ಗೋಪುರವೊಂದು ನಿಂತಿತ್ತು. ಕಂಬಳಿಯ ಒಂದು ತುದಿ ಮಡಿಸಿ ತಲೆಗೆ ಇಳಿಬಿಟ್ಟ ಕೊಪ್ಪೆ. ಒಳಗಿನಿಂದ ಬಿಳಿ ಬೆರಳ ತುದಿಗಳಷ್ಟೇ ಬಂದು ಟಗರಿನ ಕಿವಿ ಹಿಡಿದಿದ್ದವು.

"ಸಮೃದ್ಧಿ, ನೀರಿಂದ ಹೊರಗ ಬಾ."

"ಮಮ್ಮಿ ಬಂದ್ಲು ಮುತ್ಯಾ," ಎಂದಿತು ಕೊಪ್ಪೆ. ದೂರದ ಮುಖ ಅವಳ ಕಣ್ಣಿಗೆ ಕಾಣದಿದ್ದರೂ ದನಿಯ ಗುರುತು ತಪ್ಪುತ್ತಿರಲಿಲ್ಲ. "ಮಮ್ಮಿ, ನಾ ಎಲ್ಲಾ ಕುರಿ ಹಿಡದೀನಿ. ಒಂದೂ ಓಡಿಲ್ಲ."

ದಂಡೆಯ ಹೊಂಗೆ ಮರದ ಕೆಳಗೆ ಕೂಡಿಸಿಕೊಂಡು ಪ್ರಮಿಳಾ ಕಂಬಳಿ ಬಿಚ್ಚಿದಳು. ಬೈತಲೆ ನೋಡಿದಳು, ಕಿವಿ, ಹೆಡಕು, ಭುಜ, ತೋಳು. ಎಲ್ಲ ಬೆಳ್ಳಗೆ, ತಣ್ಣಗೆ. ಉಣ್ಣೆಯ ಗುರುತಿನ ಸಣ್ಣ ಗೀರುಗಳ ಹೊರತು ಏನೂ ಇಲ್ಲ.

ಕರೆಪ್ಪ ಒದ್ದೆ ಧೋತರ ಹಿಂಡಿಕೊಳ್ಳುತ್ತ ಬಂದ. "ನೋಡ್ವಾ, ಚಂದಂಗ ನೋಡು. ಒಂದು ಕೆಂಪು ಗೆರಿ ಸಿಕ್ರ ನನ್ನ ತಲಿ ಪಟಗಾ ಇದೇ ಹೊಳ್ಯಾಗ ಒಗೀತೀನಿ. ನಿನ್ನ ಟ್ಯೂಬಿಗಿ ನಮ್ಮ ಕಂಬಳಿ ಏನ ಕಡಿಮಿಲ್ಲ."

"ಮಮ್ಮಿ, ಇಲ್ಲಿ ಚುರುಚುರು ಅಂತೈತಿ," ಎಂದಳು ಸಮೃದ್ಧಿ.

ಅವಳ ಬೆರಳು ಗದ್ದದ ಕೆಳಗಿತ್ತು.

ಪ್ರಮಿಳಾ ಮಗಳ ಮುಖ ಮೇಲಕ್ಕೆತ್ತಿದಳು. ಗದ್ದದ ಅಡಿಯಿಂದ ಗಂಟಲಿನವರೆಗೆ ಕುಂಕುಮ ಬಳಿದಂತೆ ಕೆಂಪು. ಮೂಗಿನ ಹೊಳ್ಳೆಗಳ ಕೆಳಗೆ ಕೆಂಪು. ಕೆಳತುಟಿ ಆಗಲೇ ಸ್ವಲ್ಪ ಊದಿತ್ತು. ಫ್ರಾಕಿನ ಅಂಚು ಎತ್ತಿದರೆ ಮೊಣಕಾಲಿನ ಒಳಮಗ್ಗುಲೂ ಹಾಗೇ. ಯಾರೋ ನೆಲದಲ್ಲಿ ಬೆಂಕಿ ಹೊತ್ತಿಸಿ ಮಗುವನ್ನು ಅದರ ಮೇಲೆ ನಿಲ್ಲಿಸಿದ್ದರೋ ಎಂಬಂತಿತ್ತು. ಬಿಸಿಲು ಮೇಲಿನಿಂದ ತಾನೇ ಬೀಳುವುದು? ಅವಳು ತಲೆಯೆತ್ತಿ ಮಾವನನ್ನು ನೋಡಿದಳು. ಅವನ ನರೆತ ಗಡ್ಡದ ಅಡಿಯಲ್ಲಿ ಬೆಳಕಿನ ಬಲೆಯೊಂದು ನಡುಗುತ್ತಿತ್ತು. ಹೊಂಗೆಯ ಎಲೆಗಳ ಅಡಿಯಲ್ಲೂ ಅದೇ ಬಲೆ. ಗಾಳಿ ಬಂದು ಮಡುವಿನ ನೀರು ಕದಡಿದಾಗ ಅದೂ ಕದಡಿತು, ನೀರು ನಿಂತಾಗ ನಿಂತಿತು.

ನೀರು, ಅದರ ಸುತ್ತ ಬಿಳಿ ಮರಳು. ಬೆಳಕು ತಿರುಗಿ ಬರುತ್ತದೆ ಎಂದು ಶಾಲೆಯಲ್ಲಿ ಚಿತ್ರ ಬರೆದು ಬಾಣದ ಗುರುತು ಹಾಕಿದ್ದಳು ಅವಳು. ಆದರೂ ಇಷ್ಟು ವರ್ಷ ಕ್ರೀಮು ಹಚ್ಚುವಾಗ ಮಗಳ ಗದ್ದದ ಮೇಲೆ ಬೆರಳು ನಿಲ್ಲುತ್ತಿತ್ತು, ಕೆಳಗೆ ಇಳಿದಿರಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ನೋಡಿದಳು. ಅದೂ ಮೇಲಿನ ಬಿಸಿಲಿಗಷ್ಟೇ.

ಮಾವನ ಬಿಡಾರ ದಂಡೆಯಾಚೆಯ ಗದ್ದೆಯಲ್ಲೇ ಇತ್ತು. ಒಲೆಯ ಮುಂದಿದ್ದ ಅತ್ತೆ ಮಾಯಕ್ಕ ಮೊಮ್ಮಗಳ ಗಂಟಲು ನೋಡಿದವಳೇ ರೊಟ್ಟಿ ಬಿಟ್ಟು ಎದ್ದಳು. ಕರೆಪ್ಪ, "ಪ್ಯಾಟಿಗಿ ಓಡಿ ಬರ್ಫ ತರ್ಲೇನು?" ಎಂದ.

"ಬ್ಯಾಡ್ರಿ ಮಾವಾರ. ಬರ್ಫ ಇಡಬಾರದು, ಚರ್ಮ ಇನ್ನೂ ಕೆಡ್ತೈತಿ. ಕೊಡದ ನೀರು ಸಾಕು."

ಹಳೇ ಧೋತರದ ಮೆತ್ತನೆ ತುಂಡು ಅದ್ದಿ, ಹಿಂಡಿ, ಗಂಟಲಿಗೆ ಒತ್ತದಂತೆ ಹಾಸಿದಳು. ಬಿಸಿಯಾದ ಕೂಡಲೇ ತೆಗೆದು ಮತ್ತೆ ಅದ್ದಿದಳು. ಮಾಯಕ್ಕ ಬಟ್ಟಲಲ್ಲಿ ಬೆಣ್ಣೆ ತಂದಿದ್ದಳು.

"ಬೆಣ್ಣಿ ಬ್ಯಾಡ್ರಿ ಅತ್ತಿ. ಕಾವು ಒಳಗ ಉಳಿತೈತಿ."

"ನಮ್ಮ ಕಾಲಕ್ಕ ಇದ ಔಷಧ ಆಗಿತ್ತವಾ."

"ಬ್ಯಾಡ್ರಿ."

ಮಾಯಕ್ಕ ಬಟ್ಟಲನ್ನು ತಿರುಗಿ ಒಲೆಯ ಕಡೆ ಒಯ್ದಳು. "ಇರಲಿ ತಗೋ. ಹೊರಗ ಹಚ್ಚಾಕ ಬ್ಯಾಡಂದ್ರ ರೊಟ್ಟಿಗಿ ಹಚ್ಚಿ ಒಳಗ ಕಳಸ್ತೀನಿ," ಎಂದಾಗ ಸಮೃದ್ಧಿ ನಕ್ಕಳು. ನಗುವಾಗ ತುಟಿ ಎಳೆದು ಕಣ್ಣಲ್ಲಿ ನೀರು ಬಂತು.

ಡಾಕ್ಟರು ಫೋನಿನಲ್ಲಿ ಸಿಕ್ಕರು. ಒದ್ದೆ ಬಟ್ಟೆ ಹಾಸುತ್ತಿರಿ, ಕುಡಿಯಲು ಕೊಡುತ್ತಿರಿ, ಗುಳ್ಳೆ ಎದ್ದರೆ ಒಡೆಯಬೇಡಿ, ಜ್ವರ ಬಂದರೆ ಅಥವಾ ವಾಂತಿಯಾದರೆ ತಡಮಾಡದೆ ಕರೆತನ್ನಿ ಎಂದರು. ಇನ್ನು ಕಾಯುವುದಷ್ಟೇ ಉಳಿದಿತ್ತು. ಕೆಂಪು ಎಲ್ಲಿಗೆ ನಿಲ್ಲುತ್ತದೋ ಸಂಜೆಯೇ ಹೇಳಬೇಕು. ಮಗಳು ಮಜ್ಜಿಗೆ ಕುಡಿದು ಅಜ್ಜಿಯ ತೊಡೆಯ ಮೇಲೆ ಕಣ್ಣು ಮುಚ್ಚಿದಾಗ ಪ್ರಮಿಳಾ ಕೊಡ ತುಂಬಿಕೊಳ್ಳಲು ಹೊರಗೆ ಬಂದಳು. ಅಲ್ಲಿ ಕರೆಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಪಟಗಾ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಬಯ್ಯಬೇಕೆಂದು ಬೆಳಗಾವಿಯಿಂದ ಕೂಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಅವಳು ಕೊಡ ಸೊಂಟಕ್ಕೇರಿಸಿಕೊಂಡಳು.

"ತುಟಿ ಊದೇತಿ ಅಲ್ಲಾ?" ಎಂದ.

"ಸ್ವಲ್ಪ."

"ಕಾಡವ್ವಂದೂ ತುಟಿನ."

"ಯಾರು ಕಾಡವ್ವ?"

"ನಮ್ಮಕ್ಕ. ನನ್ನ ಬೆನ್ನ ಮ್ಯಾಲ ಹೊತ್ತು ಬೆಳಸಿದಾಕಿ. ಹಿಂಗ ಇದ್ಲು. ಇದ ಕೂದಲ, ಇದ ಕಣ್ಣು."

ಪ್ರಮಿಳಾ ಕೊಡ ಕೆಳಗಿಟ್ಟಳು. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷದಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. "ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ, ಹೆಂಗ ಸತ್ಲು ಅಂತ ಕೇಳ್ತಿದ್ದಿ."

ಕುರಿಗಳು ಮೈ ಒಣಗಿಸಿಕೊಳ್ಳುತ್ತ ಕೂಳೆಯಲ್ಲಿ ನಿಂತಿದ್ದವು. ಅವನು ಅವುಗಳ ಕಡೆ ನೋಡುತ್ತ ಮಾತಾಡಿದ. "ಕೆಳಗಿನ ತುಟಿಗಿ ಒಂದು ಹುಣ್ಣಾತು. ಮಾಯಲಿಲ್ಲ. ಹಂಗ ಹಬ್ಬಿ ಗಂಟಲಕ ಇಳೀತು. ಕಡೀಕ ನೀರೂ ಇಳೀಲಿಲ್ಲ. ಸಣ್ಣ ವಯಸ್ಸು, ಲಗ್ನ ಸೈತ ಆಗಿರಲಿಲ್ಲ. ಬಿಸಲು ಆಕಿಗಿ ಆಗಂಗಿಲ್ಲ ಅಂತ ನಮಗ ಗೊತ್ತಿತ್ತವಾ. ಕೊಪ್ಪಿ ತಗೀತಿರಲಿಲ್ಲ. ತಲಿ ಮುಚ್ಚಿದ್ವಿ, ಬೆನ್ನು ಮುಚ್ಚಿದ್ವಿ. ತುಟಿಗಿ ಎಲ್ಲಿಂದ ಬಂತು ಅನ್ನೂದು ಇವತ್ತಿನ ತನಕ ತಿಳೀಲಿಲ್ಲ."

"ಆಕಿ ಕುರಿ ಕಾಯಾಕ ಬರ್ತಿದ್ರೇನು?"

"ಆಕಿಗಿ ದೂರಿಂದು ಕಾಣ್ತಿರಲಿಲ್ಲ, ಕಾಯೂದು ಹೆಂಗ? ಮೈ ತೊಳಿಯೂ ಮುಂದ ಹಿಡಿಯಾಕ ನಿಂದರ್ಸ್ತಿದ್ವಿ. ನೀರಾಗ ತಂಪು ಇರ್ತೈತಿ ಅಂತ. ಬ್ಯಾಸಗಿ ಇಡೀ ಹೊಳ್ಯಾಗ ಇರ್ತಿದ್ಲು. ಅಲ್ಲಿದ್ರ ಬಿಸಲು ತಾಕೂದಿಲ್ಲ ಅಂತ ನಾನ..." ಅವನು ನಿಲ್ಲಿಸಿದ. "ಇವತ್ತೂ ಕೂಸಿನ್ನ ಅದಕ್ಕ ನೀರಾಗ ನಿಂದರ್ಸಿದ್ನಿ."

ಮುಂದೆ ಕೂತ ಈ ಮನುಷ್ಯನಿಗೆ ಅರ್ಧ ಆಯುಷ್ಯದಿಂದ ತಿಳಿಯದೆ ಉಳಿದಿದ್ದು ತನಗೆ ಈಗ ತಿಳಿದಿದೆ. ಹೇಳಿದರೆ, ಅಕ್ಕನನ್ನು ಪ್ರತಿ ಬೇಸಿಗೆ ಕೈ ಹಿಡಿದು ಅಲ್ಲಿಗೆ ಒಯ್ದು ನಿಲ್ಲಿಸಿದವನು ತಾನೇ ಎಂಬುದು ಉಳಿದ ದಿನವೆಲ್ಲ ಅವನ ಜೊತೆ ಇರುತ್ತದೆ. ಸುಮ್ಮನಿದ್ದರೆ ಅವನು ಕಂಬಳಿಯನ್ನು ಇನ್ನಷ್ಟು ದಪ್ಪ ಮಾಡುತ್ತಾನೆ, ಮತ್ತೆ ನೀರಿನಲ್ಲೇ ನಿಲ್ಲಿಸುತ್ತಾನೆ. ಇಲ್ಲವೆ ತಾನು ಮಗಳನ್ನು ಪರದೆಯ ಹಿಂದಿಟ್ಟು ಬೀಗ ಹಾಕುತ್ತೇನೆ. ಒಳಗೆ ಸಮೃದ್ಧಿ ನಿದ್ದೆಗಣ್ಣಿನಲ್ಲಿ ಅಜ್ಜಿಗೆ, ಯಾವ ಕುರಿ ಹೇಗೆ ಒದೆಯಿತೆಂದು ಹೇಳುತ್ತಿದ್ದಳು.

"ಮಾವಾರ," ಎಂದಳು. "ನೀರು ಕನ್ನಡಿ ಇದ್ದಂಗ. ಬಿಸಲು ಅದರ ಮ್ಯಾಲ ಬಿದ್ದು ತಿರುಗಿ ಮ್ಯಾಲ ಬರ್ತೈತಿ. ಉಸುಕಿಂದನೂ ಬರ್ತೈತಿ. ಕೊಪ್ಪಿ ಮ್ಯಾಲಿಂದ ಅಷ್ಟ ತಡೀತೈತಿ. ನಾನೂ ಇಷ್ಟ ದಿನ ಮ್ಯಾಲಿಂದ ಅಷ್ಟ ಹಚ್ಚಾಕತ್ತಿದ್ನಿ."

ಕರೆಪ್ಪ ಅವಳನ್ನು ನೋಡಿದ. ಆಮೇಲೆ ಹೊಳೆಯ ಕಡೆ ನೋಡಿದ. ಎದ್ದು, ಬೇಲಿಯ ಮೇಲೆ ಹರವಿದ್ದ ಪುಟ್ಟ ಕಂಬಳಿ ತೆಗೆದುಕೊಂಡು ನಡೆದುಹೋದ.

ಸಂಜೆಯ ಹೊತ್ತಿಗೆ ಗದ್ದದ ಅಡಿಯಲ್ಲಿ ಸಾಸಿವೆಯಂಥ ಗುಳ್ಳೆಗಳು ಎದ್ದವು. ಎರಡು ವರ್ಷದವಳಿದ್ದಾಗ ಭುಜದ ಮೇಲೆ ಎದ್ದಂಥ ದೊಡ್ಡವಲ್ಲ. ಪ್ರಮಿಳಾ ಮತ್ತೆ ಮತ್ತೆ ಹಣೆ ಮುಟ್ಟಿ ನೋಡಿದಳು, ತನ್ನ ಕೈಯನ್ನು ನಂಬದೆ ಮಾಯಕ್ಕನ ಕೈಯಿಂದಲೂ ಮುಟ್ಟಿಸಿದಳು. ಜ್ವರವಿರಲಿಲ್ಲ. ಸಮೃದ್ಧಿ ರೊಟ್ಟಿಯ ಚೂರನ್ನು ಬೆಣ್ಣೆಯಲ್ಲಿ ಅದ್ದಿ ತುಟಿಗೆ ತಾಕದಂತೆ ಬಾಯೊಳಗೆ ಎಸೆದುಕೊಳ್ಳುತ್ತಿದ್ದಳು. ನಾಳೆ ಉಣ್ಣೆ ಕತ್ತರಿಸುವುದನ್ನು ನೋಡಬೇಕು ಎಂದಳು. ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಬಟ್ಟೆಯನ್ನು ಮತ್ತೆ ಕೊಡದ ನೀರಿಗೆ ಅದ್ದಿದಳು.

"ಮುತ್ಯಾ ಎಲ್ಲಿ?" ಎಂದಳು ಸಮೃದ್ಧಿ.

ಕುರಿಗಳ ಬಳಿ ಅವನಿರಲಿಲ್ಲ. ಪ್ರಮಿಳಾ ದಂಡೆಗೆ ನಡೆದಳು. ಇಳಿಬಿಸಿಲು ಮಡುವಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಕರೆಪ್ಪ ನೀರಿನಂಚಿನ ಒದ್ದೆ ಮರಳಿನಲ್ಲಿ ಅಂಗಾತ ಮಲಗಿದ್ದ. ಅವಳು ಓಡಿದಳು. ಆಗ ಅವನ ಕೈ ಅಲುಗಿತು.

ತಲೆಯ ಹತ್ತಿರ ಅವನು ತನ್ನ ಬಡಿಗೆಯನ್ನು ಮರಳಿಗೆ ಊರಿದ್ದ. ಅದರ ಮೇಲೆ, ಸಮೃದ್ಧಿ ನಿಂತರೆ ಎಷ್ಟು ಎತ್ತರವೋ ಅಷ್ಟಕ್ಕೆ, ಪುಟ್ಟ ಕೊಪ್ಪೆಯನ್ನು ತೊಡಿಸಿದ್ದ. ನೀರಿಗೆ ತಲೆ ತಾಗುವಂತೆ ಮಲಗಿ, ಕೆಳಗಿನಿಂದ ಅದರೊಳಗೆ ನೋಡುತ್ತಿದ್ದ. ಕೆಳಗಿನ ಬೆಳಕು ಒಳಗೆ ಬರದಂತೆ ಕೈ ಚಾಚಿ ಕಂಬಳಿಯ ಮುಂದಿನ ಅಂಚುಗಳನ್ನು ಒಂದಕ್ಕೊಂದು ಎಳೆಯುವನು, ಬಿಡುವನು, ಮತ್ತೆ ಎಳೆಯುವನು. ಎಲ್ಲಿ ಎಳೆದರೂ ಕರಿ ಉಣ್ಣೆಯ ಒಳಗೆ ಬೆಳಕಿನ ಬಲೆ ನಡುಗುತ್ತಲೇ ಇತ್ತು.

ಪ್ರಮಿಳಾ ಚಪ್ಪಲಿ ಬಿಟ್ಟು ನೀರಿಗಿಳಿದಳು. ಬಡಿಗೆ ವಾಲುತ್ತಿತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.