ಕೆಳಗಿನ ಸಾಲಿನ ನಾಲ್ಕಕ್ಷರ

"ಏಳೋ ಬೋಳಿಮಗನೇ! ಇದ್ಯಾವನ ಹೆಸರೋ ಇಲ್ಲಿ?"

ಗುತ್ತಿಗೆದಾರನ ಬೂಟು ಅಪ್ಪನ ಪಕ್ಕೆಗೆ ಬಿತ್ತು. ಕುಕ್ಕರಗಾಲಲ್ಲಿ ಕೂತು ಕಲ್ಲಿನ ಪುಡಿ ಊದುತ್ತಿದ್ದ ಅಪ್ಪ ಹಾಗೇ ಮಗುಚಿಕೊಂಡ. ಅವನ ಹಿಂದೆ, ಎರಡಾಳು ಎತ್ತರದ ಕರಿಕಲ್ಲಿನ ಗೋಡೆಯ ತುಂಬ ಯುದ್ಧದಲ್ಲಿ ಸತ್ತ ಸೈನಿಕರ ಹೆಸರುಗಳಿದ್ದವು. ಮರುದಿನ ಅವರನ್ನು ನೆನೆಯುವ ದಿನ. ದೊಡ್ಡವರು ಬರುವವರಿದ್ದರು. ಪಟ್ಟಿ ಹಿಡಿದ ಸಾಹೇಬ ಗೋಡೆಯ ತೀರಾ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದ.

"ನೀವು ಕೊಟ್ಟಿದ್ದೇ ಕೆತ್ತಿದ್ದು ಸ್ವಾಮಿ," ಅಪ್ಪ ಮಣ್ಣು ಉಗುಳಿದ. "ನಂಗೆ ಓದಕ್ಕೆ ಬರಲ್ಲ."

ಅದು ನಿಜ. ನಮ್ಮ ಕೆಲಸ ನಡೆಯುತ್ತಿದ್ದುದೇ ಹಾಗೆ. ಪಟ್ಟಿ ನೋಡಿ ಕಾವಿಯಲ್ಲಿ ಕಲ್ಲಿನ ಮೇಲೆ ಬರೆಯುವವಳು ನಾನು, ಬರೆದದ್ದರ ಮೇಲೆ ಉಳಿ ಓಡಿಸುವವನು ಅಪ್ಪ. ಅಕ್ಷರವೆಂದರೆ ಅವನಿಗೆ ಒಂದು ಹೊಟ್ಟೆ, ಒಂದು ಬಾಲ, ಒಂದು ತಿರುವು. ಅಷ್ಟೇ.

"ನಾನು ಬರೆದಿದ್ದು," ಅಂದೆ. "ನಮ್ಮಣ್ಣನ ಹೆಸರು."

ಅಪ್ಪ ನೆಲದಿಂದಲೇ ತಲೆಯೆತ್ತಿ ನನ್ನನ್ನು ನೋಡಿದ. ಬೂಟಿಗೆ ಬಗ್ಗದ ಮುಖ ಆ ಮಾತಿಗೆ ಕುಸಿಯಿತು.

ಅಣ್ಣ ಬಂದೂಕು ಹಿಡಿದವನಲ್ಲ. ಗುಂಡಿನ ಪೆಟ್ಟಿಗೆಗಳನ್ನು ಬೆನ್ನಿಗೆ ಹೊತ್ತು, ಹೊರೆಯ ಪಟ್ಟಿಯನ್ನು ಹಣೆಗೆ ಬಿಗಿದು, ಸೈನಿಕರ ಹಿಂದೆ ಗುಡ್ಡ ಹತ್ತಿದ ಹೊರೆಯಾಳು. ಒಂದು ದಿನ ಪೆಟ್ಟಿಗೆ ಅವನ ಬೆನ್ನ ಮೇಲೇ ಸಿಡಿಯಿತು. ಸುಡಲಿಕ್ಕೂ ಹೂಳಲಿಕ್ಕೂ ಏನೂ ಉಳಿಯಲಿಲ್ಲ. ಮನೆಗೆ ಬಂದದ್ದು ಅರ್ಧ ಸುಟ್ಟ ಹಣೆಪಟ್ಟಿ.

"ಓ, ಕೂಲಿಯವನು," ಸಾಹೇಬ ಪಟ್ಟಿ ಮಡಚಿದ. "ನೋಡಮ್ಮ, ಹೇಸರಗತ್ತೆಗಳೂ ಸತ್ವು. ಅವುಗಳ ಹೆಸರೂ ಬರೀತೀಯಾ?"

"ಹೇಸರಗತ್ತೆ ಹತ್ತಲ್ಲ ಅಂದ ಜಾಗಕ್ಕೇ ತಾನೇ ಸ್ವಾಮಿ ನಮ್ಮಣ್ಣನ್ನ ಹತ್ಸಿದ್ದು?"

ಗುತ್ತಿಗೆದಾರನ ಅಂಗೈ ನನ್ನ ಕೆನ್ನೆಗೆ ಅಪ್ಪಳಿಸಿತು. ಬಾಯೊಳಗೆ ಒಂದು ಹಲ್ಲು ಕಳಚಿ ನಾಲಗೆಯ ಮೇಲೆ ಬಿತ್ತು. "ಮುಂಡೇದಕ್ಕೆ ಬಾಯಿ ನೋಡು!" ಅಂದವನು ತನ್ನ ಇಬ್ಬರು ಆಳುಗಳಿಗೆ ಕಣ್ಣು ಮಾಡಿದ. ಅವರು ಅಪ್ಪನ ಬಲಗೈ ಎಳೆದು, ಹಾಸುಗಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಒತ್ತಿ ಹಿಡಿದರು. ಅಪ್ಪನದೇ ಸುತ್ತಿಗೆ ಗುತ್ತಿಗೆದಾರನ ಕೈಯಲ್ಲಿತ್ತು.

"ಓದಕ್ಕೆ ಬರಲ್ಲ ಅಂದ್ಯಲ್ಲ, ಇನ್ನು ಕೆತ್ತಕ್ಕೂ ಬರೋದು ಬೇಡ."

ಮೂರು ಏಟು. ಮೊದಲನೆಯದಕ್ಕೆ ಅಪ್ಪ ಕೂಗಿದ. ಎರಡನೆಯದಕ್ಕೆ ಒದ್ದೆ ಕಡ್ಡಿ ಮುರಿದಂಥ ಸದ್ದಾಯಿತು. ಮೂರನೆಯದಕ್ಕೆ ಯಾವ ಸದ್ದೂ ಬರಲಿಲ್ಲ. ಗೋಡೆಯ ಕೆಲಸ ಮುಗಿದಿತ್ತಲ್ಲ, ಆ ಕೈಯಿಂದ ಅವರಿಗೆ ಇನ್ನೇನೂ ಆಗಬೇಕಿರಲಿಲ್ಲ.

ಸಾಹೇಬ ಆಚೆ ಮುಖ ಮಾಡಿಕೊಂಡು ಗಡಿಯಾರ ನೋಡುತ್ತಿದ್ದ. "ಆಯ್ತೇನ್ರೀ? ಆ ಹೆಸರಿಗೆ ಸಿಮೆಂಟು ತುಂಬ್ಸಿ, ಮೇಲೆ ಕರಿ ಬಣ್ಣ ಹೊಡೀರಿ. ನಾಳೆ ಇವರಿಬ್ಬರೂ ಇರ್ಲಿ. ತೆರೆ ಕಟ್ಟೋದು, ಎಳೆಯೋದು ಇವಳು ನೋಡ್ಕೊಳ್ಲಿ. ಪತ್ರಿಕೆಯವರು ಕೆತ್ತಿದವನ ಫೋಟೋ ಕೇಳಿದಾರೆ." ಅಪ್ಪನ ಕಡೆ ಬಗ್ಗಿ, "ಕೈ ಹಿಂದಿಟ್ಕೊಂಡು ನಿಂತ್ಕೋಬೇಕು, ತಿಳೀತಾ?" ಅಂದ.

ಸಂಜೆ ಮನೆಯಲ್ಲಿ ಅಮ್ಮನ ಹಳೆ ಸೀರೆ ಹರಿದು ಆ ಕೈಗೆ ಸುತ್ತಿದೆ. ಬೆರಳು ಯಾವುದು, ಅಂಗೈ ಯಾವುದು ಗೊತ್ತಾಗುತ್ತಿರಲಿಲ್ಲ. ಅಮ್ಮ ಅಳುತ್ತಲೇ ಅರಿಸಿನ ತೇಯ್ದಳು. ಅಪ್ಪ ಗೋಡೆ ನೋಡುತ್ತಾ ಕೂತಿದ್ದ.

"ಕೊನೇ ಅಕ್ಷರದ ಹೊಟ್ಟೆ ಎಷ್ಟು ದುಂಡಗೆ ಬಂತು ಅಂತ ನಿಂಗೆ ತೋರ್ಸಿ ನಕ್ಕಿದ್ನಲ್ಲೇ, ಅದೇನಾ?"

"ಅದೇ ಅಪ್ಪ."

"ಹೆತ್ತ ಮಗನ ಹೆಸರು ಕೆತ್ತಿ ಹಲ್ಲು ಕಿರಿದೆ. ಯಾಕೆ ಹೇಳ್ಲಿಲ್ಲ ಮಗಳೇ?"

"ಹೇಳಿದ್ರೆ ನಿನ್ನ ಕೈ ನಡುಗ್ತಿತ್ತು."

"ನಡುಗ್ತಿರ್ಲಿಲ್ಲ ಬಿಡು," ಅಂದ ಅಪ್ಪ.

ಆಮೇಲೆ ಎಡಗೈಯಲ್ಲಿ ಸಣ್ಣ ಉಳಿ ಎತ್ತಿಕೊಂಡು ನನ್ನ ಮುಂದೆ ಹಿಡಿದ. "ಇದನ್ನೂ ಸೇರ್ಸಿ ಸುತ್ತು."

ನಾನು ಸುತ್ತಿದೆ. ಉಳಿ ಒಡೆದ ಮೂಳೆಗಳ ಪಕ್ಕ ಮಲಗಿತು. ಅಪ್ಪ ಹಲ್ಲು ಕಚ್ಚಿಕೊಂಡು, "ಬಿಗಿ, ಇನ್ನೂ ಬಿಗಿ," ಅನ್ನುತ್ತಿದ್ದ.

ನಮ್ಮಜ್ಜಿ ಕಲ್ಲಾದ ಊರಿನ ಕಥೆಯೊಂದನ್ನು ಹೇಳುತ್ತಿದ್ದಳು. ರಾಕ್ಷಸ ಶಂಖ ಊದಿದರೆ ರಾಜ, ಮಂತ್ರಿ, ಸೇನಾಪತಿ, ನೀರು ಹೊರುವವಳು, ಎಲ್ಲರೂ ನಿಂತ ನಿಲುವಿನಲ್ಲೇ ಕಲ್ಲು. ಕಿವಿ ಕೇಳದ ಒಬ್ಬ ಹುಡುಗಿ ಮಾತ್ರ ಉಳಿಯುತ್ತಾಳೆ. ಮತ್ತೆ ಶಂಖ ಊದಿ ಊರು ಎಚ್ಚರವಾಗುವುದರೊಳಗೆ ಅವಳು ಅರಮನೆಗೆ ಹೋಗಿ ತನ್ನ ಅಣ್ಣನ ಸಂಕೋಲೆ ಕಡಿಯಬೇಕು. ಅವಳು ಕಡಿಯಲು ಶುರುಮಾಡುವ ಹೊತ್ತಿಗೆ ಅಜ್ಜಿಗೆ ಪ್ರತಿಸಲವೂ ನಿದ್ದೆ ಬಂದುಬಿಡುತ್ತಿತ್ತು.

ಬೆಳಿಗ್ಗೆ ಮೈದಾನದಲ್ಲಿ ಬಿಳಿ ಕುರ್ಚಿಗಳು, ಹೂವಿನ ಚಕ್ರಗಳು, ಸಾಲು ಸಾಲು ಸೈನಿಕರು. ನಾನು ತೆರೆಯ ಹಗ್ಗಕ್ಕೆ ಗೂಟ ಬಡಿದೆ. ಬಡಿದ ಸುತ್ತಿಗೆಯನ್ನು ಗೋಡೆಯ ಬುಡದ ಹೂವಿನೊಳಗೆ ಬಿಟ್ಟೆ. ಅಪ್ಪ ಕೈ ಹಿಂದಿಟ್ಟುಕೊಂಡು ನಿಂತ. ಪತ್ರಿಕೆಯವರು, "ಸ್ವಲ್ಪ ನಗಿ ಯಜಮಾನ್ರೇ," ಅಂದರು. ಅಪ್ಪ ನಕ್ಕ.

ತೆರೆ ಎಳೆದೆ. ಚಪ್ಪಾಳೆ. ದೊಡ್ಡವರು ರಕ್ತದ ಬಗ್ಗೆ, ಋಣದ ಬಗ್ಗೆ ಮಾತಾಡಿದರು. ಕಹಳೆ ಊದಿತು. ಎರಡು ನಿಮಿಷ ಮೌನ. ಮತ್ತೆ ಕಹಳೆ ಊದುವ ತನಕ ಯಾರೂ ಮಿಸುಕಕೂಡದು.

ದೊಡ್ಡವರು ತಲೆ ತಗ್ಗಿಸಿ ಕಲ್ಲಾದರು. ಸಾಹೇಬ ಹಣೆಗೆ ಕೈಯಿಟ್ಟು ಕಲ್ಲಾದ. ಗುತ್ತಿಗೆದಾರ ಹೊಟ್ಟೆ ಒಳಗೆಳೆದುಕೊಂಡು ಕಲ್ಲಾದ.

ಅಪ್ಪ ಕೆಳಗಿನ ಸಾಲಿನ ಮುಂದೆ ಕುಕ್ಕರಿಸಿದ. ನಾನು ಹಲ್ಲಿನಿಂದ ಗಂಟು ಬಿಚ್ಚಿ, ರಕ್ತಕ್ಕೆ ಅಂಟಿದ್ದ ಉಳಿ ಕಿತ್ತು, ಕರಿ ಬಣ್ಣದ ಮೇಲೆ ತುದಿಯಿಟ್ಟು ಹಿಡಿದೆ. ಅಪ್ಪನ ಎಡಗೈಯಲ್ಲಿ ಸುತ್ತಿಗೆ.

ಠಣ್.

ಇಡೀ ಮೈದಾನಕ್ಕೆ ಕೇಳಿತು. ಒಬ್ಬರೂ ಅಲುಗಲಿಲ್ಲ. ನಿನ್ನೆಯ ಸಿಮೆಂಟು, ಇನ್ನೂ ಹಸಿ, ಹೆಂಟೆ ಹೆಂಟೆಯಾಗಿ ಉದುರಿತು. ಮೊದಲ ಅಕ್ಷರ ಬಾಯಿ ತೆರೆಯಿತು. ಠಣ್, ಠಣ್. ಎರಡು ಏಟು ತಪ್ಪಿ ನನ್ನ ಹೆಬ್ಬೆರಳ ಮೇಲೆ ಬಿದ್ದವು. ಉಗುರು ಎದ್ದಿತು. ನಾನು ಉಳಿ ಬಿಡಲಿಲ್ಲ. ಎರಡನೆಯ ಅಕ್ಷರ. ಸಾಹೇಬನ ಹಣೆಯ ಮೇಲಿದ್ದ ಕೈ ಗಡಗಡ ನಡುಗುತ್ತಿತ್ತು. ಗುತ್ತಿಗೆದಾರ ತುಟಿ ಅಲುಗಿಸದೆ, "ಸಾಯಿಸ್ತೀನಿ ಕಣೇ, ಇಬ್ಬರನ್ನೂ ಇಲ್ಲೇ ಸಾಯಿಸ್ತೀನಿ," ಅನ್ನುತ್ತಿದ್ದ. ಅವನ ಕಾಲು ಮಾತ್ರ ಜಾಗ ಬಿಡಲಿಲ್ಲ. ಮೂರನೆಯದು.

ಕಹಳೆಯವನು ಎದೆ ತುಂಬ ಉಸಿರೆಳೆದುಕೊಂಡದ್ದು ಕೇಳಿತು.

"ಅಪ್ಪ, ಹೊತ್ತು ಮುಗೀತು."

"ಕೊನೇದರ ಹೊಟ್ಟೆ ಒಂದು ಉಳಿದಿದೆ. ಉಳಿ ಅಲ್ಲಾಡಿಸ್ಬೇಡ."

ಕಹಳೆ ಊದಿತು. ನೂರು ಬೂಟುಗಳು ಒಟ್ಟಿಗೆ ಮಿಸುಕಿದವು. ಕುರ್ಚಿಯೊಂದು ಮಗುಚಿತು. ಕಲ್ಲಾದ ಊರು ಎಚ್ಚರವಾದ ಮೇಲೆ ಆ ಹುಡುಗಿಗೆ ಏನಾಯಿತೆಂದು ಅಜ್ಜಿ ಒಂದು ದಿನವೂ ಹೇಳಿರಲಿಲ್ಲ.

ಓಡಿ ಬರುವ ಹೆಜ್ಜೆಗಳಿಗೆ ಬೆನ್ನು ಕೊಟ್ಟು ಅಪ್ಪ ಸುತ್ತಿಗೆ ಎತ್ತಿದ.

"ನೋಡು ಮಗಳೇ," ಅಂದ, "ನಡುಗ್ತಾ ಇದೆಯಾ?"