ಬೋಣಿಗೆ ಮುಂಚಿನ ಫೋನು

ನನ್ನ ಮಾವ ಕಲ್ಯಾಣಪ್ಪನಂಥ ಕೊಳಕು ಮನುಷ್ಯ ಅಕ್ಕಲಕೋಟದಲ್ಲಿ ಇನ್ನೊಬ್ಬನಿಲ್ಲ. ಬೀಗರೆಂಬ ಸಲಿಗೆಯಲ್ಲಿ ಸೊಲ್ಲಾಪುರದ ನಮ್ಮಪ್ಪನ ಚಾದರದ ಅಂಗಡಿಯಲ್ಲಿ ಒಂದು ಮುಂಜಾನೆ ಕೂತು ಚಹಾ ಕುಡಿದ. ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ ಆಗುವ ತನಕ ನಮ್ಮ ಪೇಟೆಯವರು ಯಾರಿಗೂ ‘ಇಲ್ಲ’, ‘ಬೇಡ’ ಅನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ದಿನವೆಲ್ಲ ಕೆಡುತ್ತದೆಂದು ನಂಬಿಕೆ. ಅಪ್ಪ ಮೊದಲ ಗಿರಾಕಿಗೆ ನಷ್ಟದಲ್ಲೇ ಚಾದರ ಕೊಟ್ಟದ್ದನ್ನು ಮಾವ ಕಣ್ಣಾರೆ ನೋಡಿದ.

ಅವನದೊಂದು ಬಹುಮಾನ ಯೋಜನೆ ಇತ್ತು. ತಿಂಗಳಾ ತಿಂಗಳಾ ಹಣ ಕಟ್ಟಬೇಕು. ಚೀಟಿಯಲ್ಲಿ ಹೆಸರು ಬಂದರೆ ಹೊಲಿಗೆ ಯಂತ್ರ, ಬಾರದಿದ್ದರೆ ಪಂಗನಾಮ. ಎಪ್ಪತ್ತೆಂಟನೇ ಇಸವಿಯ ಕೊನೆಗೆ, ಇಂಥದ್ದನ್ನು ನಡೆಸಿದವರಿಗೆ ಮೂರು ವರ್ಷದ ತನಕ ಸಜೆ ಎಂಬ ಕಾನೂನು ಬಂತು. ಮಾವ ಹೆದರಲಿಲ್ಲ. ಹಸ್ತಪತ್ರಿಕೆಗಳನ್ನು ಸುಟ್ಟು, ಸೊಲ್ಲಾಪುರದಲ್ಲಿ ಫೋನಿದ್ದ ಒಂದು ಖೋಲಿ ಬಾಡಿಗೆಗೆ ಹಿಡಿದ.

“ಕಾಗದ ಇದ್ರ ಸಾಕ್ಷಿ. ಮಾತಿಗಿ ಏನ್ ಸಾಕ್ಷಿ? ಹೆಣ್ಣಿನ ಧ್ವನಿ ಆದ್ರ ಇನ್ನಾ ಛಲೋ,” ಅಂದ.

ನನ್ನ ಗಂಡ ಅವರಪ್ಪನ ಮುಂದೆ ಬಾಯಿ ಬಿಡುವವನಲ್ಲ. ದಿನಾ ಅಕ್ಕಲಕೋಟದಿಂದ ಮೊದಲ ಎಸ್‌ಟಿ ಬಸ್ಸಿಗೆ ಮಾವ ನನ್ನನ್ನು ಕರೆತಂದು ಫೋನಿನ ಮುಂದೆ ಕೂಡಿಸಿ, ತಾನೇ ನಂಬರು ತಿರುಗಿಸುತ್ತಿದ್ದ. ಅಂಗಡಿಗಳಲ್ಲಿ ಊದುಬತ್ತಿ ಹಚ್ಚುವ ಹೊತ್ತಿಗೆ ನನ್ನ ಧ್ವನಿ: “ನಮಸ್ಕಾರ್ರಿ ಸಾವಕಾರ್ರ, ಮನಿ ಬಾಗಲಿಗಿ ಲಕ್ಷ್ಮಿ ಬಂದಾಳ. ಹೆಸರ ಬರಕೊಳ್ಳಲೇನ್ರಿ?” ಬೋಣಿಯಾಗಿಲ್ಲ, ಬೇಡ ಅನ್ನುವುದು ಹೇಗೆ? ಚಿಕ್ಕವಳಿದ್ದಾಗ ನನ್ನ ಕೈಗೆ ಪೇಢೆ ಇಟ್ಟವರನ್ನೆಲ್ಲ ಹೀಗೆ ಹಳ್ಳಕ್ಕೆ ಕೆಡವಿದೆ.

ಒಂದು ಮುಂಜಾನೆ ಆ ಕಡೆಯಿಂದ “ಹಲೋ” ಅಂದವನು ನಮ್ಮಪ್ಪ, ಸಾತಲಿಂಗಪ್ಪ. ಮಾವ ಬೇಕೆಂದೇ ತಿರುಗಿಸಿದ್ದ. ನನ್ನ ಮುಖ ನೋಡುತ್ತ ನಗುತ್ತಿದ್ದ. ನಾನು ಅದೇ ಮಾತು ಒಪ್ಪಿಸಿದೆ. ಅಪ್ಪ ಇನ್ನೊಮ್ಮೆ ಹೇಳಿಸಿ ಕೇಳಿ, “ಬರಕೋರಿ” ಅಂದ.

ಕಡೆಗೆ ಯಾರೋ ದೂರು ಕೊಟ್ಟರು. ವಸೂಲಿಗೆ ಹೋಗುತ್ತಿದ್ದ ಆಳು ಊರು ಬಿಟ್ಟು ಓಡಿದ. ಪೊಲೀಸರು ಫೋನಿನ ಜಾಡು ಹಿಡಿದು ಬಂದು ನಮ್ಮಿಬ್ಬರನ್ನೂ ಠಾಣೆಗೆ ಒಯ್ದರು. ನಾನು ಎಲ್ಲ ಹೇಳಿಬಿಟ್ಟೆ. ನನಗೂ ಸಜೆಯಾಗಲಿ, ಈ ಮನುಷ್ಯ ಜೈಲಿನ ರೊಟ್ಟಿ ಮುರಿದರೆ ಸಾಕಿತ್ತು.

“ಆಕಿ ತಲಿ ಸರಿ ಇಲ್ರಿ ಸಾಹೇಬ್ರ,” ಅಂದ ಮಾವ. “ಖೋಲಿಗಿ ಯಾರ್ಯಾರೋ ಬಂದು ಫೋನ್ ಮಾಡ್ತಾರ.”

ಠಾಣೆಯಲ್ಲಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಇದೇ ಧ್ವನಿ ಎಂದು ಒಬ್ಬ ವ್ಯಾಪಾರಿಯಾದರೂ ಹೇಳಬೇಕು ಎಂದರು ಠಾಣೆಯ ಅಧಿಕಾರಿ ಫೌಜದಾರರು. ಫೋನು ಹೋಗಿದ್ದ ಅಂಗಡಿಯವರನ್ನು ಕರೆಸಿ ನಿಲ್ಲಿಸಿದರು. ಅಪ್ಪನೂ ಅವರಲ್ಲಿದ್ದ. ನಾನು ಅವನ ಮಗಳೆಂದು ಫೌಜದಾರರಿಗೆ ಗೊತ್ತಿರಲಿಲ್ಲ, ಪೇಟೆಯವರಿಗೆ ಗೊತ್ತಿತ್ತು.

“ಬೋಲಾ ಬಾಯಿ,” ಮಾತಾಡಮ್ಮ, ಎಂದರು ಫೌಜದಾರರು ಮರಾಠಿಯಲ್ಲಿ.

ಸೆರಗು ಹಿಂದೆ ಸರಿಸಿ, ಫೋನಿನಲ್ಲಿ ಹೇಳುತ್ತಿದ್ದಂತೆಯೇ ಗಟ್ಟಿಯಾಗಿ ಹೇಳಿದೆ.

ಮೊದಲನೆಯವರು ಅಪ್ಪನ ಮುಖ ನೋಡಿದರು. “ಫೋನಿನ್ಯಾಗ ಬ್ಯಾರೆ ಕೇಳಸ್ತದರಿ, ಖರೆ ಹೇಳಾಕ ಬರಂಗಿಲ್ಲ,” ಅಂದರು. ಉಳಿದವರೂ ಅದನ್ನೇ ಅಂದರು. ಕೊನೆಗೆ ಅಪ್ಪನ ಸರದಿ. ಹೇಳಪ್ಪಾ, ಹೇಳು ಎಂದು ಅವನನ್ನೇ ನೋಡಿದೆ.

“ಈ ಧ್ವನಿ ನಾ ಎಂದೂ ಕೇಳಿಲ್ರಿ,” ಅಂದ ನಮ್ಮಪ್ಪ.

ನಮ್ಮನ್ನು ಬಿಟ್ಟರು. ಠಾಣೆಯ ಹೊರಗೆ ಅಪ್ಪ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

“ನಿನ್ನ ಉಳಸಿಕೊಂಡ್ನೆವ್ವಾ ನೀಲಾ.”

“ಉಳಸಿದ್ದು ನಮ್ಮ ಮಾಮಾರನ್ನಪ್ಪಾ,” ಅಂದೆ. “ನನ್ನ ಇನ್ನೊಮ್ಮಿ ಅವರ ಕೈಗಿ ಕೊಟ್ಟಿ.”

ಎಸ್‌ಟಿ ಸ್ಟ್ಯಾಂಡಿನ ಕಡೆಗೆ ಹೊರಟಿದ್ದ ಮಾವ ತಿರುಗಿ ನಿಂತು, ಎಲ್ಲರೆದುರು ನನ್ನ ಹೆಸರು ಹಿಡಿದು ಕೂಗಿದ. ಅಪ್ಪ ಕೈ ಬಿಟ್ಟ.