ಶಾಮಿಯಾನಕ್ಕೆ ಬಿಟ್ಟ ಜಾಗ

ಓಣಿಯವರು ಉದ್ಯಾನಕ್ಕೆ ಒಪ್ಪದಿದ್ದರೆ ಬಯಲನ್ನು ಕಾರು ನಿಲ್ಲಿಸಲು ಕೊಟ್ಟುಬಿಡುತ್ತೇವೆ ಎಂದು ನಗರಸಭೆ ಕಡ್ಡಿ ಮುರಿದಂತೆ ಹೇಳಿತ್ತು. ಅದಕ್ಕೇ ಇನಾಸ್ ತಾನು ಬರೆದ ಉದ್ಯಾನದ ನಕ್ಷೆಯನ್ನು ಬಯಲಿನಲ್ಲೇ ಓಣಿಯವರನ್ನು ಸೇರಿಸಿ ಪ್ಲಾಸ್ಟಿಕ್ ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದಳು. ಜರ್ಕಾ ಪಟ್ಟಣದ ಈ ಓಣಿಯಲ್ಲೇ ಹುಟ್ಟಿ ಬೆಳೆದವಳು. ಇಲ್ಲಿಯವರಿಗೆ ಏನು ಬೇಕೆಂದು ತನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಧೈರ್ಯ ಅವಳದು. ಮಕ್ಕಳಿಗೆ ಜೋಕಾಲಿ, ಹೆಂಗಸರಿಗೆ ಮರೆಯ ಕಟ್ಟೆ, ಸುತ್ತ ಆಲಿವ್ ಮರ, ನಡುವೆ ಚಳಿಗಾಲದ ಮಳೆ ಹಿಡಿಯುವ ಕೊಳ. ಕೊಳವಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ಕರೆಯಬೇಕಿಲ್ಲ.

ಓಣಿಯ ಹಳೆಯ ಕ್ಷೌರಿಕ ಅಬು ಜೈದಾನ್ ಆ ಕೊಳದ ಮೇಲೇ ಬೆರಳಿಟ್ಟ.

"ಎಲ್ಲಾ ಚೆನ್ನಾಗಿದೆ ತಾಯಿ. ನಾವು ಸತ್ತರೆ ಎಲ್ಲಿ?"

"ಖಬರಸ್ತಾನದಲ್ಲಿ, ದೊಡ್ಡಪ್ಪ."

ಹಿಂದೆ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವರ ನಡುವೆ ಇನಾಸಳ ತಾಯಿ ಉಮ್ ರಾಕಾನ್ ಕೂಡ ಇದ್ದಳು.

"ಅದು ಗೊತ್ತು ಕಣಮ್ಮ," ಎಂದ ಅಬು ಜೈದಾನ್. "ಅದಕ್ಕೆ ನಿನ್ನ ನಕ್ಷೆ ಬೇಡ. ಸಾವಿನ ಶಾಮಿಯಾನ ಎಲ್ಲಿ ಹಾಕೋದು? ಮೂರು ದಿನ ಸಮಾಧಾನ ಹೇಳೋಕೆ ಬಂದೋರೆಲ್ಲ ನಿನ್ನ ಕೊಳದಲ್ಲಿ ಈಜ್ತಾ ಕಹಿ ಕಾಫಿ ಕುಡೀಬೇಕಾ?"

"ಆ ಮೂಲೆ ಇದೆಯಲ್ಲ. ಹತ್ತಿಪ್ಪತ್ತು ಕುರ್ಚಿ ಹಿಡಿಯುತ್ತೆ."

ಮುದುಕನ ಮುಖದಲ್ಲಿ ತಮಾಷೆ ಉಳಿಯಲಿಲ್ಲ. "ಹತ್ತಿಪ್ಪತ್ತಾ? ನಿಮ್ಮಪ್ಪನ ಶಾಮಿಯಾನ ಇಲ್ಲೇ ಇತ್ತು, ನೀನು ಕೊಳ ತೋಡ್ತೀನಿ ಅಂತಿರೋ ಜಾಗದಲ್ಲಿ. ಅವನು ಬಸ್ಸು ಓಡಿಸಿದ ದಾರೀಲಿ ಬರೋ ಊರಿಂದೆಲ್ಲ ಜನ ಬಂದಿದ್ರು. ಕೂರೋಕೆ ಜಾಗ ಸಾಲದೆ ರಸ್ತೆವರೆಗೂ ನಿಂತಿದ್ರು."

ಸಾವಾದರೆ ಗಂಡಸರು ಶಾಮಿಯಾನದಲ್ಲಿ, ಹೆಂಗಸರು ಮನೆಯೊಳಗೆ. ಅಪ್ಪ ಸತ್ತ ಆ ಮೂರು ದಿನ ಇನಾಸ್ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಮ್ಮನ ಪಕ್ಕ ಕೂತಿದ್ದಳು. ಡ್ರೈವರ್ ಸತ್ತರೆ ಎಷ್ಟು ಜನ ಬಂದಾರು, ಹತ್ತಿಪ್ಪತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಯಾರನ್ನೂ ಕೇಳದೆ ಇಷ್ಟು ವರ್ಷ ದೂಡಿದ್ದಳು. ಅಪ್ಪನನ್ನು ಎಷ್ಟು ಅಗ್ಗ ಮಾಡಿಬಿಟ್ಟೆನಲ್ಲ ಎಂದು ಅವಳಿಗೆ ತಡೆಯಲಾರದಷ್ಟು ನಾಚಿಕೆಯಾಯಿತು.

ಪೆನ್ಸಿಲ್ ತೆಗೆದು ಕೊಳಕ್ಕೆ ಅಡ್ಡಗೆರೆ ಎಳೆದಳು. "ಮಳೆನೀರಿನ ತೊಟ್ಟಿ ನೆಲದಡಿ ಹೋಗಲಿ. ಮೇಲೆ ಜಲ್ಲಿ ಹಾಸಿ ಸಮ ಮಾಡೋಣ. ನೀರೂ ಇಳಿಯುತ್ತೆ, ಶಾಮಿಯಾನವೂ ನಿಲ್ಲುತ್ತೆ."

"ಹಾಂ, ಈಗ ದಾರಿಗೆ ಬಂದೆ."

"ಇನ್ನೂ ಇದೆ ದೊಡ್ಡಪ್ಪ. ಅಪ್ಪನಿಗೋಸ್ಕರ ಬಂದವರಲ್ಲಿ ಒಬ್ಬರ ಮುಖಾನೂ ನಾನು ನೋಡಲಿಲ್ಲ. ಅಮ್ಮನ ಸಲ ಹಾಗಾಗಬಾರದು. ಹೆಂಗಸರ ಕುರ್ಚಿಗಳೂ ಇಲ್ಲೇ ಇರಲಿ."

ಗಂಡಸರು ಮುಖ ಮುಖ ನೋಡಿಕೊಂಡರು. ಅಬು ಜೈದಾನ್ ಗಡ್ಡ ಕೆರೆದುಕೊಂಡ. "ಅದು ರೂಢಿಯಲ್ಲ ತಾಯಿ."

ಉಮ್ ರಾಕಾನ್ ಎದ್ದು ನಿಂತಳು. "ಅಯ್ಯೋ, ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೀನಿ, ಆಗಲೇ ನನ್ನ ಶಾಮಿಯಾನ ಹಾಕ್ತಿದ್ದೀರಲ್ರೋ! ಹಾಕೋದಾದ್ರೆ ನೆಟ್ಟಗೆ ಹಾಕಿ. ಸಾಯೋಳು ನಾನು, ರೂಢಿ ನಾನು ಹೇಳ್ತೀನಿ. ಇವಳನ್ನ ಬಾಗಿಲಲ್ಲೇ ಕೂರಿಸಿ. ಬಂದವರು ಒಬ್ಬೊಬ್ಬರೂ ಇವಳಿಗೆ ಮುಖ ತೋರಿಸಿ ಒಳಗೆ ಹೋಗಲಿ."

ನಕ್ಷೆಗೆ ಒಪ್ಪಿದವರು ಕೈ ಎತ್ತಿ ಎಂದು ಇನಾಸ್ ಕೇಳಿದಾಗ ಮೊದಲು ಮೇಲೆದ್ದದ್ದು ಅಬು ಜೈದಾನನ ಕೈ.